ಸರದಿ ಬರುವವರೆಗೆ: ವಿಜಯಪುರ ಸೀಮೆಯ ಬಾಡಿಗೆದಾರರು ಮತ್ತು ಸರಕಾರದ ವಸತಿ ಪಟ್ಟಿ

ಸ್ವಂತ ಮನೆಯಿಲ್ಲದ ಕುಟುಂಬವೊಂದು ಪಂಚಾಯತಿಗೋ ಮಹಾನಗರಪಾಲಿಕೆಗೋ ಹೋಗಿ, ತನಗೊಂದು ಸೂರು ಬೇಕೆಂದು ಅರ್ಜಿ ಬರೆದುಕೊಟ್ಟ ದಿನಕ್ಕೂ, ಆ ಸೂರು ಗೋಡೆ ಛಾವಣಿಗಳ ಆಕಾರವನ್ನು ತಾಳಿ ಅದರ ಕೈಸೇರುವ ದಿನಕ್ಕೂ ನಡುವೆ ಇರತಕ್ಕ ಕಾಲವನ್ನು ಕುರಿತು ನಮ್ಮ ವಸತಿ ನೀತಿಯು ವಿಚಾರ ಮಾಡಿದ್ದು ತೀರ ಸ್ವಲ್ಪ. ಮನೆಗೆ ಎಷ್ಟು ಹಣ, ಅದು ಎಷ್ಟು ಕಂತುಗಳಲ್ಲಿ ಬರತಕ್ಕದ್ದು, ಎಷ್ಟು ವಿಸ್ತೀರ್ಣದ ಮನೆಯನ್ನು ಕಟ್ಟತಕ್ಕದ್ದು, ಯಾರ ಹೆಸರಿನಲ್ಲಿ ಅದು ದಾಖಲಾಗತಕ್ಕದ್ದು ಎಂಬುದಕ್ಕೆಲ್ಲ ನಿಯಮವುಂಟು. ಸರದಿ ಬರುವವರೆಗೆ ಆ ಕುಟುಂಬದ ಹೆಂಗಸರು ಮಕ್ಕಳು ಯಾರ ಖೋಲಿಯಲ್ಲಿ ಮಲಗಬೇಕು, ಅದರ ಬಾಡಿಗೆಯನ್ನು ಯಾವ ದುಡಿಮೆಯಿಂದ ತೆರಬೇಕು ಎಂಬುದಕ್ಕೆ ಮಾತ್ರ ಯಾವ ನಿಯಮವೂ ಇಲ್ಲ. ವಿಜಯಪುರ ನಗರವನ್ನೂ, ಅದರ ಪಶ್ಚಿಮಕ್ಕೆ ಅಥಣಿಯ ಹಾದಿಯಲ್ಲಿರುವ ತಿಕೋಟಾವನ್ನೂ, ನೈರುತ್ಯಕ್ಕೆ ಜಮಖಂಡಿಯ ಹಾದಿಯಲ್ಲಿರುವ ಬಬಲೇಶ್ವರವನ್ನೂ ಕಣ್ಣೆದುರಿಗೆ ಇಟ್ಟುಕೊಂಡು ಈ ಪ್ರಶ್ನೆಯನ್ನು ಆದ್ಯಂತವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಮೂರು ಊರುಗಳೂ ಬಹುಕಾಲ ಒಂದೇ ತಾಲೂಕಿನ ಅಂಗಗಳಾಗಿದ್ದವು. ತಿಕೋಟಾ ಮತ್ತು ಬಬಲೇಶ್ವರಗಳು ಪ್ರತ್ಯೇಕ ತಾಲೂಕುಗಳಾದದ್ದು 2018ರಲ್ಲಿ. ನಗರದ ಜನಸಂಖ್ಯೆ 2011ರ ಗಣತಿಯಲ್ಲಿಯೇ ಮೂರು ಲಕ್ಷ ಇಪ್ಪತ್ತೇಳು ಸಾವಿರವನ್ನು ದಾಟಿತ್ತು. ಅಲ್ಲಿ ಬಾಡಿಗೆ ಹಿಡಿದು ಬಾಳುವವರು ಒಂದೇ ವರ್ಗದವರಲ್ಲ. ಮಾರುಕಟ್ಟೆಯ ಹಮಾಲರು, ಗೌಂಡಿ ಕೆಲಸದವರು, ಮನೆಗೆಲಸದ ಹೆಂಗಸರು, ಕೈಬಂಡಿಯ ವ್ಯಾಪಾರಿಗಳು, ಹಳ್ಳಿಯಿಂದ ಕಲಿಯಲು ಬಂದು ನಾಲ್ವರು ಸೇರಿ ಒಂದು ಖೋಲಿ ಹಿಡಿದ ವಿದ್ಯಾರ್ಥಿಗಳು, ಗಂಡನನ್ನು ಕಳೆದುಕೊಂಡು ತವರಿಗೂ ಹೋಗದೆ ಅತ್ತೆಮನೆಯಲ್ಲೂ ನಿಲ್ಲದೆ ಒಂದು ಚಾಳಿನ ಮೂಲೆಯಲ್ಲಿ ಜೀವ ಹಿಡಿದವರು, ಇವರೆಲ್ಲರೂ ಬಾಡಿಗೆದಾರರೇ. ತಿಕೋಟಾದ ಕಡೆ ದ್ರಾಕ್ಷಿಯ ತೋಟಗಳು ಹಬ್ಬಿದಂತೆ ಅಲ್ಲಿಗೆ ಕೂಲಿಗಾಗಿ ಬಂದವರು ತೋಟದ ವಸ್ತಿಗಳಲ್ಲಿ ಪತ್ರಾಸಿನ ಶೆಡ್ಡುಗಳನ್ನು ಆಶ್ರಯಿಸಿದರು. ಇವರು ಹಣದ ರೂಪದಲ್ಲಿ ಬಾಡಿಗೆಯನ್ನು ಕೊಡುವುದಿಲ್ಲ. ದುಡಿಮೆಯ ರೂಪದಲ್ಲಿ ಕೊಡುತ್ತಾರೆ. ಕೆಲಸ ತಪ್ಪಿದ ದಿನ ನೆಲೆಯೂ ತಪ್ಪುವುದರಿಂದ, ಬಾಡಿಗೆದಾರರಲ್ಲೆಲ್ಲ ಅತ್ಯಂತ ದುರ್ಬಲರು ಇವರೇ ಎಂದು ನನಗೆ ತೋರುವುದು.

ಈ ವಿಷಯದ ಇತಿಹಾಸವನ್ನು ಸ್ವಲ್ಪ ತಿರುವಿ ನೋಡುವುದು ಆವಶ್ಯಕ. ಬ್ರಿಟಿಷರು 1880ರ ದಶಕದಲ್ಲಿ ಜಿಲ್ಲೆಯ ಮುಖ್ಯಸ್ಥಾನವನ್ನು ಕಲಾದಗಿಯಿಂದ ಇಂದಿನ ವಿಜಯಪುರವಾದ ಬಿಜಾಪುರಕ್ಕೆ ತಂದಾಗ, ಆದಿಲಶಾಹಿ ಅರಸರ ಪಾಳುಬಿದ್ದ ಮಹಲುಗಳಲ್ಲಿ ಕೆಲವನ್ನು ದುರಸ್ತಿಗೊಳಿಸಿ ಕಚೇರಿಗಳನ್ನಾಗಿಯೂ ಅಧಿಕಾರಿಗಳ ನಿವಾಸಗಳನ್ನಾಗಿಯೂ ಮಾಡಿಕೊಂಡರು. ಆಧುನಿಕ ಆಡಳಿತವು ಈ ನಗರದಲ್ಲಿ ವಸತಿಗಾಗಿ ಕೈಗೊಂಡ ಮೊದಲ ಕಾರ್ಯವು ತನ್ನ ನೌಕರರಿಗೆ ನೆಲೆ ಒದಗಿಸುವುದೇ ಆಗಿತ್ತು. ಸ್ವಾತಂತ್ರ್ಯದ ವರ್ಷವಾದ 1947ರಲ್ಲಿ ಮುಂಬಯಿ ಪ್ರಾಂತದ ಬಾಡಿಗೆ ನಿಯಂತ್ರಣ ಶಾಸನವು ಬಂದಿತು. ಬಿಜಾಪುರವು ಆಗ ಆ ಪ್ರಾಂತಕ್ಕೆ ಸೇರಿತ್ತು. ಮುಂದೆ 1952ರಲ್ಲಿ ಕೇಂದ್ರ ಸರಕಾರವು ಕೈಗಾರಿಕಾ ಕಾರ್ಮಿಕರಿಗಾಗಿ ಸಹಾಯಧನದ ವಸತಿ ಯೋಜನೆಯನ್ನು ಆರಂಭಿಸಿದಾಗ, ಕಾರ್ಮಿಕನಿಗೆ ಮನೆಯನ್ನು ದಾನವಾಗಿ ಕೊಡುವುದು ಅದರ ಆಶಯವಾಗಿರಲಿಲ್ಲ, ಕಡಿಮೆ ಬಾಡಿಗೆಗೆ ಕೊಡುವುದೇ ಆಗಿತ್ತು. ಹೀಗೆ, ಸರಕಾರವು ಬಡವನ ಬಾಡಿಗೆಯ ಭಾರವನ್ನು ಹಂಚಿಕೊಳ್ಳಬೇಕೆಂಬ ವಿಚಾರವು ನಮಗೆ ಪರದೇಶದಿಂದ ಇಂದು ಬಂದುದಲ್ಲ. ಸ್ವತಂತ್ರ ಭಾರತದ ವಸತಿ ನೀತಿಯು ತೊಡಗಿದ್ದೇ ಅಲ್ಲಿಂದ.

ಆ ಹಾದಿಯನ್ನು ನಾವು ಏಕೆ ಬಿಟ್ಟೆವೆಂಬುದಕ್ಕೆ ಕಾರಣಗಳಿವೆ. ಸರಕಾರಿ ಮನೆಗಳ ಬಾಡಿಗೆ ಕ್ರಮವಾಗಿ ವಸೂಲಾಗಲಿಲ್ಲ. ಬಂದ ಅಲ್ಪ ಹಣದಲ್ಲಿ ದುರಸ್ತಿ ಸಾಗಲಿಲ್ಲ. ಕೊನೆಗೆ ಅನೇಕ ಕಡೆ ವಾಸವಿದ್ದವರಿಗೇ ಮನೆಗಳನ್ನು ಮಾರಿಬಿಡಲಾಯಿತು. 1970ರ ದಶಕದಲ್ಲಿ ದೇವರಾಜ ಅರಸರ ಆಡಳಿತಕಾಲದಲ್ಲಿ ‘ಜನತಾ ಮನೆ’ಗಳು ಬಂದವು, ಊರ ಹೊರಗೆ ಸಾಲಾಗಿ ಎದ್ದ ಆ ಮನೆಗಳ ಕೇರಿಯನ್ನು ನಮ್ಮ ಭಾಗದ ಜನ ಇಂದಿಗೂ ಜನತಾ ಪ್ಲಾಟು ಎಂದೇ ಕರೆಯುತ್ತಾರೆ. 1990ರ ದಶಕದ ಆರಂಭದಲ್ಲಿ ‘ಆಶ್ರಯ’ ಯೋಜನೆ ಬಂದಿತು, 2000ದಲ್ಲಿ ರಾಜೀವ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪಿತವಾಯಿತು, ಬಳಿಕ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ ಎಂಬ ಹೆಸರುಗಳಲ್ಲಿ ಯೋಜನೆಗಳು ಕವಲೊಡೆದವು. ಹೆಸರುಗಳು ಬೇರೆಯಾದರೂ ತತ್ವ ಒಂದೇ: ಬಡವನನ್ನು ಮನೆಯ ಒಡೆಯನನ್ನಾಗಿ ಮಾಡುವುದು. ಈ ಆದರ್ಶವನ್ನು ನಾನು ಲಘುವಾಗಿ ಕಾಣುವವನಲ್ಲ. ತಲೆತಲಾಂತರದಿಂದ ಊರ ಗೌಡರ ಹಿತ್ತಿಲಲ್ಲಿ ಗುಡಿಸಲು ಹಾಕಿಕೊಂಡವನಿಗೆ ತನ್ನ ಹೆಸರಿನ ಉತಾರವೊಂದು ಕೈಗೆ ಬಂದಾಗ ಅವನ ನಡೆನುಡಿಗಳಲ್ಲಿ ಮೂಡುವ ಧೈರ್ಯವನ್ನು ಕಂಡವರಾರೂ ಅದನ್ನು ಅಲ್ಲಗಳೆಯಲಾರರು. ಆದರೆ ಒಡೆತನವೊಂದೇ ವಸತಿಯ ಏಕಮಾತ್ರ ರೂಪವೆಂದು ಭಾವಿಸಿದ್ದರಿಂದ, ಒಡೆತನದ ಹೊಸ್ತಿಲನ್ನು ಮುಟ್ಟಲಾರದವರು ಲೆಕ್ಕದಿಂದಲೇ ಹೊರಗುಳಿದರು.

ಈಗ ಪಟ್ಟಿಯ ವಿಚಾರಕ್ಕೆ ಬರೋಣ. ಗ್ರಾಮಾಂತರದಲ್ಲಿ ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಯು 2016ರಲ್ಲಿ, 1985ರಿಂದ ನಡೆದು ಬಂದ ಇಂದಿರಾ ಆವಾಸ ಯೋಜನೆಯ ಸ್ಥಾನದಲ್ಲಿ ನಿಂತಿತು. ಬಯಲುಸೀಮೆಯಲ್ಲಿ ಒಂದು ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನ, ಅದರಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ್ದು 40. ಇದಲ್ಲದೆ ಉದ್ಯೋಗ ಖಾತರಿಯ ಲೆಕ್ಕದಲ್ಲಿ 90 ದಿನಗಳ ಕೂಲಿ. ಮನೆಯ ವಿಸ್ತೀರ್ಣ ಕನಿಷ್ಠ 25 ಚದರ ಮೀಟರು. ಇದರ ಪಟ್ಟಿಗೆ ‘ಶಾಶ್ವತ ನಿರೀಕ್ಷಣಾ ಪಟ್ಟಿ’ ಎಂದು ಹೆಸರು. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಮನೆಯೇ ಇಲ್ಲದವರೆಂದೂ, ಒಂದು ಅಥವಾ ಎರಡು ಕೋಣೆಯ ಕಚ್ಚಾ ಮನೆಯವರೆಂದೂ ಗುರುತಿಸಲ್ಪಟ್ಟ ಕುಟುಂಬಗಳನ್ನು ಕೊರತೆಯ ತಾರತಮ್ಯಕ್ಕೆ ಅನುಸಾರವಾಗಿ ಮೇಲುಕೆಳಗಾಗಿ ಜೋಡಿಸಿ, ಗ್ರಾಮಸಭೆಯ ಮುಂದೆ ಓದಿ, ಆಕ್ಷೇಪಗಳನ್ನು ಕೇಳಿ, ಮೇಲ್ಮನವಿಗೂ ಅವಕಾಶವಿತ್ತು ಕೊನೆಗೆ ಈ ಪಟ್ಟಿಯನ್ನು ಸ್ಥಿರಗೊಳಿಸತಕ್ಕದ್ದೆಂದು ವಿಧಾನವಿದೆ. ನಿರ್ಗತಿಕರು, ಭಿಕ್ಷೆಯಿಂದ ಬದುಕುವವರು, ಮಲ ಹೊರುವ ವೃತ್ತಿಯಲ್ಲಿದ್ದವರು, ಜೀತವಿಮುಕ್ತರು ಮೊದಲಾದವರು ತಾವಾಗಿಯೇ ಪಟ್ಟಿಯೊಳಗೆ ಬರತಕ್ಕವರು. ಬರಹದಲ್ಲಿ ಇದಕ್ಕಿಂತ ನ್ಯಾಯವಾದ ಕ್ರಮವನ್ನು ಕಲ್ಪಿಸುವುದು ಕಷ್ಟ. ಆ ಗಣತಿಯಲ್ಲಿ ಬಿಟ್ಟುಹೋದವರಿಗಾಗಿ 2018ರಲ್ಲಿ ‘ಆವಾಸ್ ಪ್ಲಸ್’ ಸಮೀಕ್ಷೆ ನಡೆಯಿತು. 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗ ಅನರ್ಹತೆಯ ಕೆಲವು ಷರತ್ತುಗಳನ್ನು ಸಡಿಲಿಸಿದರು. ಮನೆಯಲ್ಲಿ ಮೋಟಾರು ಸೈಕಲ್ ಇದ್ದರೆ, ಫ್ರಿಜ್ ಇದ್ದರೆ ಅಂಥವರು ಬಡವರಲ್ಲವೆಂಬ ಹಳೆಯ ನಿರ್ಣಯವನ್ನು ಕೈಬಿಟ್ಟರು. ದಿನಗೂಲಿಗಾಗಿ ತಿಕೋಟಾದಿಂದ ಸುಮಾರು 20 ಕಿಲೋಮೀಟರು ಬೈಕಿನ ಮೇಲೆ ನಗರಕ್ಕೆ ಬಂದುಹೋಗುವವನಿಗೆ ಆ ಬೈಕೇ ಅನ್ನದ ಸಾಧನವೆಂಬುದನ್ನು ಮನಗಾಣಲು ಇಷ್ಟು ವರ್ಷಗಳು ಹಿಡಿದವು.

ರಾಜ್ಯದ ಯೋಜನೆಗಳಲ್ಲಿ ಹಳ್ಳಿಯ ಆಯ್ಕೆ ಗ್ರಾಮಸಭೆಯದು. ನಗರದ ಆಯ್ಕೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯದು. ಅಂಗವಿಕಲರು, ವಿಧವೆಯರು, ಮಾಜಿ ದೇವದಾಸಿಯರು, ಅಲೆಮಾರಿಗಳು ಮೊದಲಾದ ವಿಶೇಷ ವರ್ಗದವರಿಗೆ ದೇವರಾಜ ಅರಸು ಯೋಜನೆ. ಅರ್ಜಿಯೊಡನೆ ಆಧಾರ್, ರೇಷನ್ ಕಾರ್ಡು, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ಜಾಗದ ಉತಾರ ಅಥವಾ ಹಕ್ಕುಪತ್ರ, ಇಷ್ಟು ಬೇಕು. ಈ ಕಾಗದಗಳಿಗಾಗಿ ನಾಡಕಚೇರಿ, ಪಂಚಾಯತಿ, ಬ್ಯಾಂಕು ಎಂದು ತಿರುಗುವ ಹೆಂಗಸರಿಗೆ ಪ್ರತಿಯೊಂದು ಸುತ್ತಾಟವೂ ಒಂದು ದಿನದ ಪಗಾರದ ನಷ್ಟ. ಮಂಜೂರಾದ ಮೇಲೆಯೂ ಹಣ ಒಮ್ಮೆಗೇ ಬರುವುದಿಲ್ಲ. ತಳಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ ಜಿಪಿಎಸ್ ಫೋಟೋ ತೆಗೆದು ನಿಗಮಕ್ಕೆ ಕಳಿಸಿದ ಬಳಿಕ ಕಂತು ಖಾತೆಗೆ ಜಮೆಯಾಗುವುದು. ಮೊದಲ ಹಂತಕ್ಕೆ ಕೈಯಿಂದ ಹಣ ಹಾಕಲಾರದವನು ಸಾಲ ಮಾಡುವನು; ಹಳೆಯ ಗುಡಿಸಲನ್ನು ಕೆಡವಿ ಅದೇ ಜಾಗದಲ್ಲಿ ಕಟ್ಟುವವನಾದರೆ, ಕಟ್ಟುವಷ್ಟು ಕಾಲ ಬೇರೆಲ್ಲಿಯೋ ಬಾಡಿಗೆಗೆ ಇರುವನು. ಆ ಬಾಡಿಗೆಯನ್ನು ಯೋಜನೆಯ ವೆಚ್ಚದಲ್ಲಿ ಯಾರೂ ಕಾಣಿಸಿಲ್ಲ.

ಈ ಕಾಗದಗಳ ಸಾಲಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಜಾಗದ ಉತಾರ. ಮನೆಯಿಲ್ಲದವನು ಬಡವನೇ ಸರಿ; ಜಾಗವೂ ಇಲ್ಲದವನು ಅವನಿಗಿಂತ ಬಡವನೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮ ಯೋಜನೆಗಳಲ್ಲಿ ಸಹಾಯಧನವು ಮೊದಲು ತಲುಪುವುದು ಜಾಗವಿದ್ದವನಿಗೆ; ಜಾಗವಿಲ್ಲದವನಿಗೆ ರಾಜ್ಯವೇ ನಿವೇಶನ ಒದಗಿಸತಕ್ಕದ್ದೆಂದು ನಿಯಮವಿದ್ದರೂ, ನಿವೇಶನವು ದೊರೆಯಬೇಕಾದರೆ ಗಾಂವಠಾಣದಲ್ಲಿ ಸರಕಾರಿ ನೆಲವಿರಬೇಕು, ಇಲ್ಲವೇ ಖಾಸಗಿ ನೆಲವನ್ನು ಖರೀದಿಸಬೇಕು. ನೀರಾವರಿ ಬಂದು ಭೂಮಿಯ ಬೆಲೆ ಏರಿದ ಊರುಗಳಲ್ಲಿ ಈ ಖರೀದಿಯು ದಿನೇದಿನೇ ದುಸ್ಸಾಧ್ಯವಾಗುತ್ತಿದೆ. ಕೃಷ್ಣೆಯ ನೀರು ಏತ ನೀರಾವರಿಯ ಕಾಲುವೆಗಳ ಮೂಲಕ ಬಬಲೇಶ್ವರ, ತಿಕೋಟಾಗಳ ಬರದ ನೆಲಕ್ಕೆ ಹರಿದು ಬಂದದ್ದು ಈ ಸೀಮೆಯ ಭಾಗ್ಯ. ಅದೇ ನೀರು ಭೂಹೀನನ ಪಾಲಿಗೆ ನಿವೇಶನವನ್ನು ದೂರ ಮಾಡಿತೆಂಬುದೂ ನಿಜ. ಸರಕಾರಿ ಜಾಗದಲ್ಲಿ ಅನಧಿಕೃತವಾಗಿ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಅಧಿನಿಯಮದ 94ಸಿ, 94ಸಿಸಿ ಪ್ರಕರಣಗಳ ಮೂಲಕ ಸಕ್ರಮದ ಹಾದಿಯುಂಟು. ದಾಖಲೆಯಿಲ್ಲದ ತಾಂಡಾಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ, 2023ರ ಜನವರಿಯಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ಸಹಸ್ರಾರು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಹಂಚಿದ್ದು ಸ್ಮರಣೀಯ ಕಾರ್ಯ. ಆದರೆ ಇವೆರಡೂ ಒಂದು ಜಾಗದಲ್ಲಿ ಬಹುಕಾಲ ನೆಲೆಸಿದವರಿಗೆ ಸಲ್ಲುವಂಥವು. ಬಾಡಿಗೆದಾರನು ಇನ್ನೊಬ್ಬನ ಗೋಡೆಗಳ ನಡುವೆ ಬಾಳಿದವನು. ಎಷ್ಟು ವರ್ಷ ಬಾಳಿದರೂ ಆ ನೆಲದ ಮೇಲೆ ಅವನಿಗೆ ಹಕ್ಕು ಹುಟ್ಟುವುದಿಲ್ಲ, ಹುಟ್ಟಬಾರದು ಕೂಡ. ಅವನಿಗೆ ಬೇಕಾದುದು ಬೇರೆ ತೆರನಾದ ಸಹಾಯ.

ನಗರದಲ್ಲಿ ಈ ತೊಡಕು ಇನ್ನೊಂದು ರೂಪವನ್ನು ತಾಳುತ್ತದೆ. 2015ರಲ್ಲಿ ಆರಂಭವಾದ ನಗರ ಆವಾಸ್ ಯೋಜನೆಯಲ್ಲಿ ತಾನೇ ಮನೆ ಕಟ್ಟಿಕೊಳ್ಳುವವನಿಗೆ ಕೇಂದ್ರದಿಂದ 1.5 ಲಕ್ಷ ರೂಪಾಯಿ ನೆರವು ದೊರೆಯುತ್ತಿತ್ತು; ಆದರೆ ಕಟ್ಟುವ ಜಾಗ ಅವನದೇ ಆಗಿರಬೇಕು. ವಿಜಯಪುರಕ್ಕೆ ವಿಶೇಷವಾದ ಮತ್ತೊಂದು ಅಡಚಣೆಯೂ ಇದೆ. ಗೋಳಗುಮ್ಮಟ, ಜುಮ್ಮಾ ಮಸೀದಿ, ಇಬ್ರಾಹಿಂ ರೋಜಾ, ಕೋಟೆಯ ಗೋಡೆ, ಬುರುಜು, ಬಾವಡಿಗಳೆಂದು ರಕ್ಷಿತ ಸ್ಮಾರಕಗಳು ನಗರದ ಉದ್ದಗಲಕ್ಕೂ ಹರಡಿಕೊಂಡಿವೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾನೂನಿನಂತೆ ಅಂಥ ಸ್ಮಾರಕದ ಸುತ್ತ 100 ಮೀಟರು ಹೊಸ ಕಟ್ಟಡಕ್ಕೆ ನಿಷೇಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಸ್ಮಾರಕಗಳ ರಕ್ಷಣೆಯು ಪರಮಾವಶ್ಯಕವೆಂಬುದನ್ನು ಈ ನಗರವನ್ನು ಪ್ರೀತಿಸುವವರಾರೂ ಅಲ್ಲವೆನ್ನರು. ಆದರೆ ಅದರ ಪರಿಣಾಮವಾಗಿ, ಹಳೆಯ ನಗರದ ಓಣಿಗಳಲ್ಲಿ ಒಂದು ತುಂಡು ನೆಲವಿದ್ದ ಬಡವನೂ ಸಹಾಯಧನ ಪಡೆದು ಅಲ್ಲಿ ಹೊಸ ಮನೆ ಕಟ್ಟಿಕೊಳ್ಳಲಾರನು. ಕಟ್ಟುವ ಯೋಜನೆಯು ನಿಂತುಹೋಗುವ ಇಂಥ ಎಡೆಯಲ್ಲಿ, ಇದ್ದ ಮನೆಯ ಬಾಡಿಗೆಗೆ ನೆರವಾಗುವ ಯೋಜನೆಗೆ ಯಾವ ಅಡ್ಡಿಯೂ ಇರಲಾರದು; ನೆಲವನ್ನು ಅಗೆಯದೆ ಇಟ್ಟಿಗೆಯನ್ನು ಮುಟ್ಟದೆ ಒಂದು ಕುಟುಂಬವನ್ನು ಅದರ ದುಡಿಮೆಯ ಸ್ಥಳದ ಹತ್ತಿರವೇ ನಿಲ್ಲಿಸುವ ಉಪಾಯವದು.

ಪಟ್ಟಿಯಲ್ಲಿ ಹೆಸರಿದ್ದೂ ಸರದಿಯನ್ನು ಕಳೆದುಕೊಳ್ಳುವವರ ಕಥೆ ಬೇರೆ. ಸುಗ್ಗಿ ಮುಗಿದು ಕೂಲಿ ತಪ್ಪಿತೆಂದರೆ, ಅಥವಾ ಮಳೆ ಕೈಕೊಟ್ಟಿತೆಂದರೆ ಈ ಸೀಮೆಯ ಜನ ಗುಳೆ ಹೋಗುವುದು ಹಳೆಯ ರೂಢಿ. ಗುತ್ತಿಗೆದಾರನಿಂದ ಮುಂಗಡ ಹಣ ಪಡೆದು, ಗಂಡಹೆಂಡಿರು ಜೊತೆಯಾಗಿ ಸಾಂಗಲಿ, ಕೊಲ್ಹಾಪುರಗಳ ಕಡೆ ಕಬ್ಬು ಕಡಿಯಲು ಹೋದರೆ, ದೀಪಾವಳಿಯಿಂದ ಯುಗಾದಿಯ ಸಮೀಪದವರೆಗೆ ಊರಿನಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಗೋವೆಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದವರು ವರ್ಷದ ಬಹುಭಾಗ ಹೊರಗೇ ಇರುವರು. ಗ್ರಾಮಸಭೆಯು ಅದೇ ತಿಂಗಳುಗಳಲ್ಲಿ ನಡೆದರೆ, ಸಮೀಕ್ಷೆಯ ಸಿಬ್ಬಂದಿಯು ಅದೇ ವಾರ ಮನೆಗೆ ಬಂದರೆ, ಬಾಗಿಲಿಗೆ ಬೀಗವಿರುವುದನ್ನು ಕಂಡು ‘ವಾಸವಿಲ್ಲ’ ಎಂದು ಬರೆದುಬಿಡಬಹುದು. ಬಡತನದ ಕಾರಣದಿಂದಲೇ ಊರು ಬಿಟ್ಟವನು, ಊರು ಬಿಟ್ಟ ಕಾರಣದಿಂದಲೇ ಬಡವರ ಪಟ್ಟಿಯಿಂದ ಹೊರಬೀಳುವ ಈ ವಿಪರೀತವನ್ನು ತಪ್ಪಿಸುವುದು ಕಷ್ಟಸಾಧ್ಯವೇನಲ್ಲ: ಕಬ್ಬಿನ ಹಂಗಾಮು ಮುಗಿದ ಮೇಲೆ, ಮುಂಗಾರಿನ ಬಿತ್ತನೆಗೆ ಮುನ್ನ, ವಸತಿಯ ಗ್ರಾಮಸಭೆಯನ್ನು ಕರೆಯಬಹುದು, ಮನೆಯಲ್ಲಿರುವ ಮುದುಕರ ಮಾತನ್ನು ಸಾಕ್ಷಿಯಾಗಿ ಸ್ವೀಕರಿಸಬಹುದು. ನಗರದ ಬಾಡಿಗೆದಾರನ ಪಾಡೂ ಇದೇ. ಮಾಲಕನು ಬಿಡಿಸಿದಾಗಲೆಲ್ಲ ಅವನು ಓಣಿಯನ್ನು ಬದಲಿಸುವನು. ಕರಾರುಪತ್ರ ಬರೆದುಕೊಡಲು ಬಹುಮಂದಿ ಮಾಲಕರು ಒಪ್ಪರು. ಹೀಗಾಗಿ ವಾಸಸ್ಥಳದ ದಾಖಲೆಯು ಒಂದು ವಾರ್ಡಿನಲ್ಲಿ, ಜೀವ ಇನ್ನೊಂದು ವಾರ್ಡಿನಲ್ಲಿ.

ಪರದೇಶಗಳಲ್ಲಿ ಏನಿದೆಯೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಬ್ರಿಟನ್ನಿನಲ್ಲಿ 1919ರ ಕಾನೂನಿನಿಂದ ಪುರಸಭೆಗಳು ದೊಡ್ಡ ಪ್ರಮಾಣದಲ್ಲಿ ತಾವೇ ಮನೆ ಕಟ್ಟಿ ಬಾಡಿಗೆಗೆ ಕೊಡತೊಡಗಿದವು. ಅಮೆರಿಕದಲ್ಲಿ 1937ರ ವಸತಿ ಕಾನೂನಿಗೆ 1974ರಲ್ಲಿ ಸೇರಿಸಿದ 8ನೆಯ ಪ್ರಕರಣದಂತೆ ಬಡ ಕುಟುಂಬವು ಖಾಸಗಿ ಮನೆಯನ್ನೇ ಬಾಡಿಗೆಗೆ ಹಿಡಿದು, ತನ್ನ ಆದಾಯದ ಸುಮಾರು ನೂರಕ್ಕೆ 30ರಷ್ಟನ್ನು ತಾನು ಕೊಟ್ಟು, ಉಳಿದುದನ್ನು ಸರಕಾರದಿಂದ ಮಾಲಕನಿಗೆ ಕೊಡಿಸುವ ಏರ್ಪಾಡಿದೆ. ಅರ್ಹರಾದ ಕುಟುಂಬಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಮಾತ್ರ ಈ ನೆರವು ದೊರೆಯುವುದರಿಂದ ಅಲ್ಲಿಯೂ ಊರೂರಿಗೆ ಉದ್ದವಾದ ಪಟ್ಟಿಗಳಿವೆ. ಪಟ್ಟಿ ಬೆಳೆದಾಗ ಅರ್ಜಿ ಪಡೆಯುವುದನ್ನೇ ನಿಲ್ಲಿಸುವರು. ವಿಳಾಸ ಬದಲಾಗಿ ಕಚೇರಿಯ ಪತ್ರ ತಲುಪದವನ ಹೆಸರನ್ನು ತೆಗೆದುಹಾಕುವರು. ಸಂಪತ್ತಿನಲ್ಲಿ ನಮಗಿಂತ ಬಹಳ ಮುಂದಿರುವ ದೇಶದಲ್ಲಿಯೂ ಸರದಿಯ ನೋವು ಇದೇ ತೆರನಾಗಿದೆ. ಆದರೆ ಸರದಿ ಬಂದವನಿಗೆ ಅಲ್ಲಿ ಸಿಗುವುದು ಬಾಡಿಗೆಯ ನೆರವು. ಅದಕ್ಕೆ ನಿವೇಶನ ಬೇಕಿಲ್ಲ.

ನಮ್ಮಲ್ಲಿ ಇಂಥ ನೆರವು ಅಸಾಧ್ಯವೆನ್ನುವವರಿಗೆ ಉತ್ತರವು ನಮ್ಮ ಸರಕಾರದ ಕಡತಗಳಲ್ಲಿಯೇ ಇದೆ. ನೌಕರರಿಗೆ ವಸತಿಗೃಹ ದೊರೆಯದಿದ್ದಾಗ ಸಂಬಳದೊಡನೆ ಮನೆ ಬಾಡಿಗೆ ಭತ್ಯೆಯನ್ನು ಕೊಡುವ ಪದ್ಧತಿ ಎಷ್ಟೋ ಕಾಲದಿಂದ ನಡೆದು ಬಂದಿದೆ. ವಸತಿಗೃಹಕ್ಕಾಗಿ ಸರದಿಯಲ್ಲಿ ಕಾಯುವವನು ಕಾಯುವಷ್ಟು ಕಾಲ ಬಾಡಿಗೆಗೆ ಸಹಾಯ ಪಡೆಯುವುದು ನ್ಯಾಯವೆಂದು ಇಲ್ಲಿ ಯಾರಿಗೂ ಸಂಶಯವಿಲ್ಲ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ‘ವಿದ್ಯಾಸಿರಿ’ ಯೋಜನೆಯಲ್ಲಿ, ಹಾಸ್ಟೆಲಿನಲ್ಲಿ ಸ್ಥಳ ದೊರೆಯದ ವಿದ್ಯಾರ್ಥಿಗೆ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ನೆರವು ಕೊಡುವ ವ್ಯವಸ್ಥೆ ಬಂದಿತು. ತಿಕೋಟಾದಿಂದಲೋ ಬಬಲೇಶ್ವರದಿಂದಲೋ ವಿಜಯಪುರದ ಕಾಲೇಜಿಗೆ ಬಂದು ಖೋಲಿ ಹಿಡಿದ ಹುಡುಗಿಯ ಪಾಲಿಗೆ ಇದು ಹೆಸರೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲಿಯೂ ಸರಕಾರದ ಬಾಡಿಗೆ ಸಹಾಯವೇ. ಅಂತೆಯೇ 2019ರ ಆಗಸ್ಟಿನಲ್ಲಿ ಕೃಷ್ಣೆ, ಭೀಮೆ, ಮಲಪ್ರಭೆಗಳು ಉಕ್ಕಿ ಉತ್ತರ ಕರ್ನಾಟಕದ ಸಹಸ್ರಾರು ಮನೆಗಳು ನೆಲಸಮವಾದಾಗ, ಪೂರ್ಣವಾಗಿ ಮನೆ ಕಳೆದುಕೊಂಡವರಿಗೆ 5 ಲಕ್ಷ ರೂಪಾಯಿಗಳನ್ನೂ, ಆ ಮನೆ ಏಳುವವರೆಗೆ ಬಾಡಿಗೆಗೆಂದು ತಿಂಗಳಿಗೆ 5,000 ರೂಪಾಯಿಯಂತೆ ಹತ್ತು ತಿಂಗಳ ನೆರವನ್ನೂ ರಾಜ್ಯ ಸರಕಾರವು ಘೋಷಿಸಿತು. ಮನೆ ಕಟ್ಟಲು ಕಾಲ ಬೇಕು, ಆ ಕಾಲಕ್ಕೆ ಬಾಡಿಗೆ ಬೇಕು ಎಂಬ ಸರಳವಾದ ಸತ್ಯವನ್ನು ಸರಕಾರವು ಅಂದು ಕಂಡುಕೊಂಡಿತು. ನದಿ ಉಕ್ಕಿ ಒಂದೇ ರಾತ್ರಿಯಲ್ಲಿ ಮನೆ ಕಳೆದುಕೊಂಡವನಿಗೆ ಸಲ್ಲುವ ನ್ಯಾಯವು, ಹುಟ್ಟಿದಂದಿನಿಂದ ಮನೆಯನ್ನೇ ಕಾಣದವನಿಗೆ ಏಕೆ ಸಲ್ಲಬಾರದು?

ನಾನು ಹೇಳಬೇಕಾದ ಮಾತು ಇಷ್ಟೇ: ಗ್ರಾಮಸಭೆಯೋ ಆಶ್ರಯ ಸಮಿತಿಯೋ ಒಂದು ಕುಟುಂಬವನ್ನು ವಸತಿಹೀನವೆಂದು ಒಪ್ಪಿ ಪಟ್ಟಿಗೆ ಸೇರಿಸಿದ ದಿನದಿಂದ ಅದರ ಸರದಿ ಬರುವವರೆಗೆ, ಅದು ಬಾಡಿಗೆಯ ಮನೆಯಲ್ಲಿರುವುದಾದರೆ, ಆ ಬಾಡಿಗೆಯ ಒಂದು ಭಾಗವನ್ನು ಸರಕಾರವು ತುಂಬತಕ್ಕದ್ದು. ಅರ್ಹತೆಯ ಪರೀಕ್ಷೆ ಆಗಲೇ ಮುಗಿದಿರುವುದರಿಂದ ಬೇರೊಂದು ಸಮೀಕ್ಷೆ ಬೇಕಾಗುವುದಿಲ್ಲ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯೂ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ಕಾಯಿಸುವುದಕ್ಕೆ ಇಂದು ಸರಕಾರಕ್ಕೆ ಯಾವ ವೆಚ್ಚವೂ ತಗಲುವುದಿಲ್ಲ, ವೆಚ್ಚವೆಲ್ಲವೂ ಕಾಯುವವನದು. ಪ್ರತಿ ತಿಂಗಳ ವಿಳಂಬಕ್ಕೂ ಖಜಾನೆಯಿಂದ ಹಣ ಹೋಗತೊಡಗಿದರೆ ನಿವೇಶನ ಹುಡುಕುವ ಕಡತವೂ ಕಂತು ಬಿಡುಗಡೆಯ ಕಡತವೂ ಶೀಘ್ರವಾಗಿ ಚಲಿಸುವುವೆಂದು ನಂಬಲು ಕಾರಣವಿದೆ.

ಆಕ್ಷೇಪಗಳಿಲ್ಲವೆಂದಲ್ಲ. ಬಾಡಿಗೆಗೆ ನೆರವು ಸಿಕ್ಕಿತೆಂದು ತಿಳಿದೊಡನೆ ಮಾಲಕರು ಬಾಡಿಗೆಯನ್ನು ಏರಿಸುವರೆಂಬುದು ಮೊದಲನೆಯದು; ಇದು ತಳ್ಳಿಹಾಕಬಹುದಾದ ಭಯವಲ್ಲ. ನೆರವನ್ನು ನಿಜವಾದ ಬಾಡಿಗೆಗೆ ಕಟ್ಟಿಹಾಕದೆ, ಊರಿನ ಸಾಮಾನ್ಯ ಬಾಡಿಗೆಯನ್ನು ನೋಡಿ ಒಂದು ನಿಶ್ಚಿತ ಮೊತ್ತವನ್ನು ಕುಟುಂಬದ ಹೆಣ್ಣುಮಗಳ ಖಾತೆಗೇ ಹಾಕಿದರೆ ಈ ದೋಷವು ಬಹಳಷ್ಟು ತಗ್ಗುವುದು. ಸುಳ್ಳು ಬಾಡಿಗೆದಾರರು ಹುಟ್ಟಿಕೊಳ್ಳುವರೆಂಬುದು ಎರಡನೆಯದು. ಸುಳ್ಳು ವಸತಿಹೀನರನ್ನು ತಡೆಯಲು ಗ್ರಾಮಸಭೆಗೆ ಎಷ್ಟು ಬಲವಿದೆಯೋ ಇವರನ್ನು ತಡೆಯಲೂ ಅಷ್ಟೇ ಬಲವಿದೆ. ಹಣವೆಲ್ಲಿಂದ ಎಂಬ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ಎಲ್ಲ ಬಾಡಿಗೆದಾರರಿಗೂ ಒಮ್ಮೆಲೇ ನೆರವಾಗುವುದು ರಾಜ್ಯದ ಶಕ್ತಿಗೆ ಮೀರಿದ್ದಾದರೆ, ಜಾಗವಿಲ್ಲದ ವಿಧವೆಯರು, ಮಾಜಿ ದೇವದಾಸಿಯರು, ಅಂಗವಿಕಲರು, ಇಷ್ಟು ಜನರಿಂದ ತೊಡಗಬಹುದು. ದೇವರಾಜ ಅರಸು ಯೋಜನೆಯ ಪಟ್ಟಿಯಲ್ಲಿ ಇವರ ಹೆಸರುಗಳು ಈಗಾಗಲೇ ಪ್ರತ್ಯೇಕವಾಗಿವೆ.

ಕೇಂದ್ರದ ನೀತಿಯಲ್ಲಿ ಬಾಡಿಗೆಯು ಮರಳಿ ಕಾಣಿಸಿಕೊಂಡದ್ದು 2020ರಲ್ಲಿ. ಕೊರೋನಾದ ಲಾಕ್‌ಡೌನಿನಲ್ಲಿ ವಲಸೆಗಾರರು ನಗರಗಳನ್ನು ಬಿಟ್ಟು ಹೆದ್ದಾರಿಗಳಲ್ಲಿ ನಡೆದು ಹೊರಟ ದೃಶ್ಯವನ್ನು ದೇಶವೆಲ್ಲ ಕಂಡ ಮೇಲೆ, ಆ ವರ್ಷದ ಜುಲೈಯಲ್ಲಿ ಕೈಗೆಟುಕುವ ಬಾಡಿಗೆಯ ವಸತಿ ಸಂಕೀರ್ಣಗಳ ಯೋಜನೆಗೆ ಮಂಜೂರಾತಿ ದೊರೆಯಿತು: ಸರಕಾರದ ಹಣದಿಂದ ಕಟ್ಟಿ ಖಾಲಿಬಿದ್ದ ಮನೆಗಳನ್ನು ಬಾಡಿಗೆಗೆ ಕೊಡುವುದು ಒಂದು ಮಾರ್ಗ, ಸಂಸ್ಥೆಗಳು ತಮ್ಮ ನೆಲದಲ್ಲಿ ಹೊಸದಾಗಿ ಕಟ್ಟಿ ಬಾಡಿಗೆಗೆ ಕೊಡುವುದು ಇನ್ನೊಂದು. 2024ರಲ್ಲಿ ನಗರ ಆವಾಸ್ ಯೋಜನೆಯ ಎರಡನೆಯ ಆವೃತ್ತಿಯು ಒಂದು ಕೋಟಿ ಕುಟುಂಬಗಳ ಗುರಿಯೊಡನೆ ಬಂದಾಗ ಬಾಡಿಗೆ ವಸತಿಯು ಅದರ ನಾಲ್ಕು ಅಂಗಗಳಲ್ಲಿ ಒಂದಾಯಿತು. ಮನೆಯ ಒಡೆತನವನ್ನು ಬಯಸದ ಅಥವಾ ಅದಕ್ಕೆ ಶಕ್ತಿಯಿಲ್ಲದ ಕಾರ್ಮಿಕರು, ದುಡಿಯುವ ಮಹಿಳೆಯರು, ವಿದ್ಯಾರ್ಥಿಗಳು ಅದರ ವ್ಯಾಪ್ತಿಗೆ ಸೇರುತ್ತಾರೆ. ವಿಜಯಪುರದಂಥ, ಬೃಹತ್ ಕೈಗಾರಿಕೆಗಳಿಲ್ಲದ ನಗರದಲ್ಲಿ ಖಾಸಗಿಯವರು ಬಡವರಿಗಾಗಿ ಬಾಡಿಗೆ ಸಂಕೀರ್ಣ ಕಟ್ಟಲು ತಾವಾಗಿಯೇ ಮುಂದೆ ಬರುವರೆಂದು ನಾನು ನಂಬಲಾರೆ. ಇಲ್ಲಿ ಮುಂದೆ ಬರಬೇಕಾದವರು ಮಹಾನಗರಪಾಲಿಕೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದವರು. ಬಸ್‌ ನಿಲ್ದಾಣಕ್ಕೂ ಮಾರುಕಟ್ಟೆಗೂ ನಡೆದು ಹೋಗುವಷ್ಟು ಹತ್ತಿರದಲ್ಲಿ, ಸ್ಮಾರಕಗಳ ನಿಷೇಧಿತ ವಲಯದಾಚೆಗೆ, ದುಡಿಯುವ ಹೆಂಗಸರಿಗೂ ಹಮಾಲರ ಕುಟುಂಬಗಳಿಗೂ ಒಂದೊಂದು ಬಾಡಿಗೆ ವಸತಿಯನ್ನು ಕಟ್ಟಿಸುವುದು ಅವರ ಸಾಮರ್ಥ್ಯಕ್ಕೆ ಮೀರಿದ್ದಲ್ಲ. 1952ರ ಯೋಜನೆಯು ಸೋತದ್ದು ದುರಸ್ತಿಯ ವಿಷಯದಲ್ಲಿ ಎಂಬುದನ್ನು ನೆನೆದು, ದುರಸ್ತಿಯ ನಿಧಿಯನ್ನು ಮೊದಲ ದಿನವೇ ಬೇರೆಯಾಗಿ ತೆಗೆದಿಡಬೇಕು.

ಕೊನೆಯದಾಗಿ ಪಟ್ಟಿಯ ಪ್ರಕಟಣೆಯ ಮಾತು. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣದಂತೆ ಸಹಾಯಧನದ ಫಲಾನುಭವಿಗಳ ವಿವರಗಳನ್ನು ಕಚೇರಿಗಳು ಯಾರೂ ಕೇಳದೆಯೇ ಪ್ರಕಟಿಸತಕ್ಕದ್ದು. ಆದರೆ ಫಲವನ್ನು ಪಡೆದವರ ಪಟ್ಟಿ ಬೇರೆ, ಕಾಯುತ್ತಿರುವವರ ಪಟ್ಟಿ ಬೇರೆ. ತನಗಿಂತ ಮುಂದೆ ಎಷ್ಟು ಜನರಿದ್ದಾರೆ, ಕಳೆದ ವರ್ಷ ಎಷ್ಟು ಜನ ಮುಂದೆ ಸರಿದರು, ತನಗಿಂತ ಹಿಂದಿದ್ದವನು ಯಾವ ಕಾರಣದಿಂದ ಮೊದಲಾದನು ಎಂಬುದು ಕಾಯುವವಳಿಗೆ ತಿಳಿದರೆ, ಅವಳು ಈ ವರ್ಷ ಖೋಲಿಯ ಮುಂಗಡಕ್ಕೆ ಸಾಲ ಮಾಡಬೇಕೋ ಬೇಡವೋ, ಮಗಳನ್ನು ಇಲ್ಲಿಯ ಶಾಲೆಗೆ ಹಚ್ಚಬೇಕೋ ತವರೂರಿನಲ್ಲಿ ಬಿಡಬೇಕೋ ಎಂಬುದನ್ನು ತಾನೇ ನಿಶ್ಚಯಿಸಬಲ್ಲಳು. ಅರ್ಜಿ ಕೊಟ್ಟವರಿಗೆಲ್ಲ ದಿನಾಂಕ ಮತ್ತು ಕ್ರಮಸಂಖ್ಯೆಯಿರುವ ಸ್ವೀಕೃತಿಯನ್ನು ಕೊಡುವುದು, ಪ್ರತಿ ಗ್ರಾಮ ಪಂಚಾಯತಿಯ ಗೋಡೆಯ ಮೇಲೂ ಪಾಲಿಕೆಯ ಪ್ರತಿ ವಾರ್ಡಿನ ಫಲಕದ ಮೇಲೂ ಕಾಯುವವರ ಹೆಸರುಗಳನ್ನು ಸರದಿಯ ಕ್ರಮದಲ್ಲಿ ಬರೆಸುವುದು, ಹೆಸರನ್ನು ತೆಗೆಯುವ ಮುನ್ನ ಗುಳೆಯಿಂದ ಮರಳಲು ಸಾಲುವಷ್ಟು ತಿಂಗಳುಗಳ ಅವಧಿಯನ್ನು ಕೊಟ್ಟು ತಿಳಿಸುವುದು, ಇದಕ್ಕೆ ಹೊಸ ಕಾನೂನೂ ಬೇಡ, ಹೆಚ್ಚಿನ ಹಣವೂ ಬೇಡ; ಬರುವ ಗ್ರಾಮಸಭೆಯಲ್ಲಿ ಒಂದು ಠರಾವು ಆದರೆ ತಿಕೋಟಾ, ಬಬಲೇಶ್ವರಗಳಲ್ಲಿ ಇದನ್ನು ನಾಳೆಯೇ ತೊಡಗಬಹುದು.